ಮನೆಯಲ್ಲೇ ವಿಮಾನ ಕಟ್ಟುವವರು ತಪಾಸಣೆಗೆ ಯಾವಾಗ ಕರೆಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮಗ್ಗುಲಿನ ನಮ್ಮ ಶೆಡ್ಡಿನಲ್ಲಿ ಎರಡು ಸೀಟಿನ ಒಂದು ಮರದ ವಿಮಾನ ನಿಧಾನಕ್ಕೆ ತಯಾರಾಗುತ್ತಿದೆ. ನೋಡಲು ಬಂದವರು ಮೊದಲು ಕೇಳುವುದು, "ಇದು ನಿಜವಾಗಿ ಹಾರುತ್ತದಾ?" ಎಂದು. ಆಮೇಲೆ ಕೇಳುವುದು, "ಸರಿಯಾಗಿ ಕಟ್ಟಿದ್ದೀರಿ ಅಂತ ಯಾರು ನೋಡುತ್ತಾರೆ?" ಎಂದು. ಮೊದಲನೆಯದಕ್ಕೆ ಸುಮ್ನೆ ನಗುತ್ತೇನೆ. ಎರಡನೆಯದು ಒಳ್ಳೆಯ ಪ್ರಶ್ನೆ. ಕೇರಳ-ಕರ್ನಾಟಕ ಗಡಿಯ ಆಚೆ ಈಚೆ ಇದೇ ಹುಚ್ಚು ಹಿಡಿದ ನಾಲ್ಕಾರು ಮಂದಿ ಫೋನಿನಲ್ಲಿ ಕೇಳುವುದೂ ಇದನ್ನೇ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಕಡ್ಡಾಯವಲ್ಲದ ತಪಾಸಣೆ ಅಂದರೆ ಏನು?

ನೀವು ಕಟ್ಟಿದ್ದನ್ನು ವಿಷಯ ಗೊತ್ತಿರುವ ಇನ್ನೊಬ್ಬರು ಬಂದು ನೋಡುವುದು, ಅಷ್ಟೇ. ಸರ್ಕಾರ ಕಳಿಸಿದ್ದಲ್ಲ, ನೀವಾಗಿ ಕರೆದದ್ದು. ಅವರು ಸೀಲು ಒತ್ತುವುದಿಲ್ಲ. ತಪ್ಪು ಕಂಡರೆ ಹೇಳುತ್ತಾರೆ, ಕಾಣದಿದ್ದರೆ ಚಾ ಕುಡಿದು ಹೋಗುತ್ತಾರೆ.

ಇದನ್ನು ಒಂದು ಪದ್ಧತಿಯಾಗಿ ಬೆಳೆಸಿದವರು ಅಮೆರಿಕದವರು. ಅಲ್ಲಿ 1953ರಲ್ಲಿ ಪಾಲ್ ಪೋಬೆರೆಜ್ನಿ ಮಿಲ್ವಾಕಿಯಲ್ಲಿ ಶುರುಮಾಡಿದ, ಮನೆಯಲ್ಲೇ ವಿಮಾನ ಕಟ್ಟುವವರ ಇಎಎ ಎಂಬ ಸಂಘ ಇದೆ. ಈಗ ಅದರ ಕೇಂದ್ರ ಇರುವುದು ಆಶ್‌ಕಾಶ್ ಊರಿನಲ್ಲಿ. ಆ ಸಂಘದಲ್ಲಿ 'ಟೆಕ್ನಿಕಲ್ ಕೌನ್ಸೆಲರ್' ಎಂಬ ಸ್ವಯಂಸೇವಕರಿದ್ದಾರೆ. ತಾವೇ ವಿಮಾನ ಕಟ್ಟಿದವರು, ವಿಮಾನದ ಮೆಕ್ಯಾನಿಕ್‌ಗಳು, ಎಂಜಿನಿಯರುಗಳು. ಕರೆದರೆ ಗ್ಯಾರೇಜಿಗೆ ಬಂದು ನೋಡುತ್ತಾರೆ, ಕಾಸು ತೆಗೆದುಕೊಳ್ಳುವುದಿಲ್ಲ. ಅಲ್ಲಿನ ಸರ್ಕಾರಿ ಇಲಾಖೆ ಎಫ್‌ಎಎ ಹಿಂದೆ ರೆಕ್ಕೆಗೆ ಹೊದಿಕೆ ಹಾಕಿ ಮುಚ್ಚುವ ಮುಂಚೆಯೂ ತಾನೇ ಬಂದು ನೋಡುತ್ತಿತ್ತು. ಆಮೇಲೆ ಅದನ್ನು ಬಿಟ್ಟಿತು. ಈಗ ವಿಮಾನ ಪೂರ್ತಿಯಾದ ಮೇಲೆ, ಹಾರುವ ಮುಂಚೆ ನೋಡುತ್ತದೆ. ನಡುವಿನ ಕೆಲಸ ನೋಡುವವರು ಈ ಸ್ವಯಂಸೇವಕರೇ. ಕೆನಡಾದಲ್ಲಿ ಹಾಗಲ್ಲ, ಮುಚ್ಚುವ ಮುಂಚಿನ ತಪಾಸಣೆ ಅಲ್ಲಿ ಕಡ್ಡಾಯ. ಬ್ರಿಟನ್ನಿನಲ್ಲೂ ಲಘು ವಿಮಾನದವರ ಎಲ್‌ಎಎ ಸಂಘದ ಇನ್‌ಸ್ಪೆಕ್ಟರ್ ಮೊದಲಿನಿಂದಲೇ ಹಂತ ಹಂತವಾಗಿ ಸಹಿ ಹಾಕುತ್ತಾ ಬರಬೇಕು.

ಇದು ಮಾಡಿಸಿದರೆ ಡಿಜಿಸಿಎ ಅನುಮತಿ ಬೇಡವೇ?

ಬೇಕೇ ಬೇಕು. ಡಿಜಿಸಿಎ ಅಂದರೆ ನಾಗರಿಕ ವಿಮಾನಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಇಲಾಖೆ. ಗೆಳೆಯರು ನೋಡಿ ಚೆನ್ನಾಗಿದೆ ಅಂದದ್ದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಭಾರತದಲ್ಲಿ ವಿಮಾನಕ್ಕೆ ವಿಟಿ ಎಂದು ಶುರುವಾಗುವ ನೋಂದಣಿ ಬೇಕು, ಹಾರಲು ಡಿಜಿಸಿಎ ಅನುಮತಿ ಬೇಕು. ಮುಂಬೈಯಲ್ಲಿ ಮನೆಯ ತಾರಸಿಯ ಮೇಲೆ 6 ಸೀಟಿನ ವಿಮಾನ ಕಟ್ಟಿದ ಪೈಲಟ್ ಅಮೋಲ್ ಯಾದವ್ ಅವರ ಸುದ್ದಿ ಓದಿರಬಹುದು. ಅವರಿಗೆ ಪರೀಕ್ಷಾ ಹಾರಾಟದ ಅನುಮತಿ ಸಿಕ್ಕಿದ್ದು 2019ರಲ್ಲಿ, ಎಷ್ಟೋ ವರ್ಷ ಓಡಾಡಿದ ಮೇಲೆ. ಹಾಗಾಗಿ ಮೊದಲ ಮರ ಕೊಯ್ಯುವ ಮುಂಚೆಯೇ ಡಿಜಿಸಿಎ ಜೊತೆ ಪತ್ರವ್ಯವಹಾರ ಶುರುಮಾಡಿ. ಅದು ಬೇರೆಯೇ ದೊಡ್ಡ ಕಥೆ, ಇಲ್ಲಿ ಬೇಡ.

ಎಷ್ಟು ಸಲ ಕರೆಯಬೇಕು? ಯಾವ ಯಾವ ಹಂತದಲ್ಲಿ?

ಇಎಎಯವರು ಕಡಿಮೆಯೆಂದರೆ 3 ಸಲ ಅನ್ನುತ್ತಾರೆ. ನನ್ನನ್ನು ಕೇಳಿದರೆ ಲೆಕ್ಕ ಮುಖ್ಯ ಅಲ್ಲ. ಇಂದು ಕೈಗೆ ಸಿಗುವ ಜಾಗ ನಾಳೆ ಸಿಗುವುದಿಲ್ಲ ಅನ್ನುವ ದಿನ ಬರುತ್ತದಲ್ವಾ, ಅದರ ಮುಂಚೆ ಕರೆಯಬೇಕು. ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವ ಹಾಗೆ ಹೇಳುವುದಾದರೆ, ತಪಾಸಣೆ ಮಾಡುವವರನ್ನು ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಕರೆಯಬೇಕು, ರಂಗಸ್ಥಳಕ್ಕಲ್ಲ. ವೇಷ ಕಟ್ಟಿ ಮುಗಿದ ಮೇಲೆ ಒಳಗಿನ ಗಂಟು ಯಾರಿಗೂ ಕಾಣುವುದಿಲ್ಲ.

ಮೊದಲ ಸಲ ಕರೆಯಬೇಕಾದದ್ದು ಎಲ್ಲರೂ ಅಂದುಕೊಳ್ಳುವುದಕ್ಕಿಂತ ತುಂಬಾ ಬೇಗ. ಬಾಲದ ಒಂದು ಸಣ್ಣ ಭಾಗ, ರಡ್ಡರ್ ಆಗಲಿ ಎಲಿವೇಟರ್ ಆಗಲಿ, ಮುಗಿಯುತ್ತಾ ಬಂದಾಗ. ಆಗ ನಿಮ್ಮ ಕೈಯ ಅಭ್ಯಾಸ ಗೊತ್ತಾಗುತ್ತದೆ. ಅಂಟು ಕಡಿಮೆ ಹಚ್ಚುವವರು ಎಲ್ಲ ಕಡೆಯೂ ಕಡಿಮೆಯೇ ಹಚ್ಚುತ್ತಾರೆ. ರಿವೆಟ್ ಜಾಸ್ತಿ ಬಡಿಯುವವರು ಸಾವಿರ ರಿವೆಟ್ಟನ್ನೂ ಹಾಗೇ ಬಡಿಯುತ್ತಾರೆ. ತಪ್ಪು 30 ರಿವೆಟ್ಟಿನಲ್ಲಿ ಸಿಕ್ಕಿಬಿದ್ದರೆ ಒಂದು ಮಧ್ಯಾಹ್ನದ ಕೆಲಸ. ರೆಕ್ಕೆ ಮುಗಿದ ಮೇಲೆ ಸಿಕ್ಕಿದರೆ ಒಂದು ವರ್ಷ ಹೋಯಿತು.

ಆಮೇಲೆ ಸ್ಪಾರ್, ಅಂದರೆ ರೆಕ್ಕೆಯ ತೊಲೆ, ಅದರ ಪೆಟ್ಟಿಗೆ ಮುಚ್ಚುವ ಮುಂಚೆ. ನಂತರ ಪ್ರತಿ ರೆಕ್ಕೆಗೆ ಪ್ಲೈವುಡ್ ಅಥವಾ ಬಟ್ಟೆ ಹಾಕುವ ಮುಂಚೆ. ಕಂಟ್ರೋಲ್ ಕೇಬಲ್, ಪುಲ್ಲಿ ಎಲ್ಲ ಜೋಡಿಸಿ ನೆಲದ ಹಲಗೆ ಕೂರಿಸುವ ಮುಂಚೆ. ಎಂಜಿನ್ ಮತ್ತು ಇಂಧನದ ಪೈಪು ಆದಾಗ. ಕೊನೆಗೆ ಹಾರುವ ಮುಂಚೆ ಒಮ್ಮೆ. ನನ್ನ ವಿಮಾನಕ್ಕೆ ಇದು 7 ಸಲ ಆಗುತ್ತದೆ. ಲೋಹದ ಕಿಟ್ ತಂದವರಿಗೆ ಕಡಿಮೆ ಸಾಕಾಗಬಹುದು, ಯಾಕೆಂದರೆ ತೂತು ಕೊರೆದೇ ಬಂದಿರುತ್ತದೆ.

ನಮ್ಮ ಮಳೆಗಾಲಕ್ಕೆ ಇದನ್ನು ಹೊಂದಿಸುವುದು ಹೇಗೆ?

ಹೊರದೇಶದ ಯಾವ ಕೈಪಿಡಿಯಲ್ಲೂ ಇದಕ್ಕೆ ಉತ್ತರ ಸಿಗಲಿಲ್ಲ, ನಾವೇ ಕಲಿಯಬೇಕಾಯಿತು. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ವಿಮಾನದ ಮರದಲ್ಲಿ ತೇವಾಂಶ 8ರಿಂದ 12 ಶೇಕಡಾ ಇರಬೇಕು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ಮನೆಯ ಉಪ್ಪಿನ ಭರಣಿಯಲ್ಲೇ ನೀರು ನಿಲ್ಲುತ್ತದೆ, ಇನ್ನು ಮರದ ಮಾತೆಲ್ಲಿ! ಎಪಾಕ್ಸಿ ಅಂಟುಗಳಲ್ಲಿ ಕೆಲವು ತೇವದ ಗಾಳಿಯಲ್ಲಿ ಗಟ್ಟಿಯಾಗುವಾಗ ಮೇಲೆ ಮೇಣದಂಥ ಜಿಡ್ಡು ಪದರ ಬಿಡುತ್ತವೆ. ಅದನ್ನು ತೊಳೆದು ಉಜ್ಜದೆ ಮುಂದಿನ ತುಂಡು ಅಂಟಿಸಿದರೆ ಜೋಡಣೆ ಹಿಡಿಯುವುದಿಲ್ಲ.

ಹಾಗಾಗಿ ಮುಖ್ಯವಾದ ಅಂಟಿನ ಕೆಲಸ ನಾವು ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡುತ್ತೇವೆ. ತಮಾಷೆ ನೋಡಿ, ಅಡಿಕೆ ಒಣಗುವುದೂ ಆಗಲೇ. ಚಾಲಿ (ಒಣಗಿಸಿದ ಅಡಿಕೆ) ಆಗಲು 40-45 ದಿನದ ಬಿಸಿಲು ಬೇಕು. ಅಂಗಳ ತುಂಬ ಅಡಿಕೆ, ಆಳುಗಳೆಲ್ಲ ಕೊಯ್ಲಿನಲ್ಲಿ, 20 ಅಡಿಯ ಸ್ಪಾರನ್ನು ಶೆಡ್ಡಿನಿಂದ ಹೊರಗೆ ತಂದು ತಿರುಗಿಸಲು ಜಾಗ ಇಲ್ಲ. ಮನೆಯವರ ಜೊತೆ ಮೊದಲೇ ಮಾತಾಡಿ ಅಂಗಳದ ಒಂದು ಮೂಲೆ ನಿಮ್ಮದು ಅಂತ ಮಾಡಿಕೊಳ್ಳಿ. ನನಗೆ ಸಿಕ್ಕಿದ್ದು ತುಳಸಿಕಟ್ಟೆಯ ಪಡುಬದಿ.

ಮುಚ್ಚುವ ಮುಂಚಿನ ತಪಾಸಣೆಗಳನ್ನು ಜನವರಿ ಕೊನೆ ಮತ್ತು ಮಾರ್ಚ್ ಮೊದಲಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಏಪ್ರಿಲ್-ಮೇ ತಿಂಗಳನ್ನು ಇನ್‌ಸ್ಪೆಕ್ಟರ್ ಹೇಳಿದ್ದನ್ನು ಸರಿಮಾಡಲು ಬಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ವಯರಿಂಗ್, ಫಿಟ್ಟಿಂಗ್, ಬರವಣಿಗೆಯ ಕೆಲಸ. ಎಂಜಿನ್ ತಪಾಸಣೆ ಮಳೆಗಾಲದಲ್ಲೂ ಆಗುತ್ತದೆ, ಆದರೆ ಇನ್‌ಸ್ಪೆಕ್ಟರ್ ಬೆಂಗಳೂರಿನಿಂದ ಬರುವವರಾದರೆ ಯೋಚಿಸಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗುಡ್ಡ ಕುಸಿದರೆ ರೈಲು ದಿನಗಟ್ಟಲೆ ನಿಲ್ಲುತ್ತದೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಹತ್ತಿರ ಕುಸಿದಾಗ ಹಾಗೇ ಆಯಿತು.

ಶೆಡ್ಡಿನಲ್ಲಿ ತೋಟದ ಸಾಮಾನೂ ಇದೆ. ತೊಂದರೆಯಾ?

ತೊಂದರೆ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಮನೆಯಲ್ಲಿ ಮೈಲುತುತ್ತಿನ ಚೀಲ ಇದ್ದೇ ಇರುತ್ತದೆ. ಮೈಲುತುತ್ತು ತಾಮ್ರದ ಉಪ್ಪು. ಅದರ ನೀರು ಅಲ್ಯೂಮಿನಿಯಮ್ ಮೇಲೆ ಬಿದ್ದರೆ ತಾಮ್ರ ಅಲ್ಲಿ ಕೂತು ಲೋಹವನ್ನು ಗುಂಡಿ ಗುಂಡಿಯಾಗಿ ತಿನ್ನುತ್ತದೆ. ರಬ್ಬರ್ ಹಾಲು ಹೆಪ್ಪುಹಾಕುವ ಫಾರ್ಮಿಕ್ ಆಸಿಡ್ಡಿನ ಹೊಗೆಯೂ ಲೋಹಕ್ಕೆ ಆಗುವುದಿಲ್ಲ. ಎರಡನ್ನೂ ಬೇರೆ ಕೊಟ್ಟಿಗೆಗೆ ಸಾಗಿಸಿ. ನಮ್ಮಲ್ಲಿ ಮೊದಲ ತಪಾಸಣೆಗೆ ಬಂದವರು ವಿಮಾನಕ್ಕಿಂತ ಮೊದಲು ನೋಡಿದ್ದು ಮೂಲೆಯಲ್ಲಿದ್ದ ಸ್ಪ್ರೇಯರನ್ನು!

ಯಾರನ್ನು ಕರೆಯುವುದು? ಇಲ್ಲಿ ಅಂಥವರು ಸಿಗುತ್ತಾರಾ?

ವಿಮಾನ ಕಾರ್ಖಾನೆಯಲ್ಲೋ ವಾಯುಪಡೆಯ ವರ್ಕ್‌ಶಾಪಿನಲ್ಲೋ ದುಡಿದು ನಿವೃತ್ತರಾದವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಎಚ್‌ಎಎಲ್ ವಿಮಾನ ಕಾರ್ಖಾನೆ 1940ರಿಂದ ಬೆಂಗಳೂರಿನಲ್ಲಿದೆ, ಅಲ್ಲಿ ಕೆಲಸ ಮಾಡಿದ ನಮ್ಮ ಕಡೆಯವರು ಊರೂರಲ್ಲಿ ಸಿಗುತ್ತಾರೆ. ಕಾಸರಗೋಡಿನ ಸೀತಾಂಗೋಳಿಯಲ್ಲೂ ಎಚ್‌ಎಎಲ್ ಘಟಕ ಇದೆ, ಆದರೆ ಅದು ಎಲೆಕ್ಟ್ರಾನಿಕ್ಸ್ ಕೆಲಸದ್ದು. ಅಲ್ಲಿಯವರು ವಯರಿಂಗ್ ನೋಡಿ ಹೇಳಬಲ್ಲರು, ಮರದ ರೆಕ್ಕೆಯ ಬಗ್ಗೆ ಕೇಳಿದರೆ ಪಾಪ, ಅವರೇನು ಹೇಳುತ್ತಾರೆ?

ಒಬ್ಬರಿಗೇ ಎಲ್ಲ ಗೊತ್ತಿರುವುದಿಲ್ಲ. ಹಂತ ನೋಡಿ ಜನರನ್ನು ಕರೆಯಿರಿ. ನನ್ನ ಸ್ಪಾರಿನ ಮರದಲ್ಲಿ ತಪ್ಪು ಹಿಡಿದದ್ದು ವಿಮಾನವನ್ನೇ ಹತ್ತಿರದಿಂದ ನೋಡದ ನಮ್ಮ ಊರಿನ ಆಚಾರಿ. ವಿಮಾನದ ಮರದಲ್ಲಿ ಎಳೆ 15 ಇಂಚು ಉದ್ದಕ್ಕೆ 1 ಇಂಚಿಗಿಂತ ಜಾಸ್ತಿ ಓರೆಯಾಗಬಾರದು. ನಾನು ಒಂದು ಮಗ್ಗುಲು ಮಾತ್ರ ಅಳೆದಿದ್ದೆ. ಆಚಾರಿ ಹಲಗೆಯನ್ನು ಮಗುಚಿ, ಉಗುರಿನಿಂದ ಗೀರಿ, "ಭಟ್ರೇ, ಈ ಮರ ಇಲ್ಲಿ ಹೊರಗೆ ಹೋಗ್ತದೆ" ಅಂದರು. ಅಳೆದೆ, 11ಕ್ಕೆ 1 ಇತ್ತು. ಆ ಹಲಗೆ ಈಗ ಅಟ್ಟದಲ್ಲಿ ಉಪ್ಪಿನಕಾಯಿ ಭರಣಿ ಇಡುವ ಕಪಾಟಾಗಿದೆ.

ಜೀಪು ಮೆಕ್ಯಾನಿಕ್ಕನ್ನು ಎಂಜಿನ್ನಿಗೆ ಕರೆಯಬಹುದು, ಬೋಲ್ಟಿಗೆ ಬೇಡ. ವಿಮಾನದ ಸಣ್ಣ ಬೋಲ್ಟು ಎಎನ್3ಕ್ಕೆ ಸಾಮಾನ್ಯ ನಟ್ಟಾದರೆ ಬೇಕಾದ ಬಿಗಿ 20ರಿಂದ 25 ಇಂಚು-ಪೌಂಡ್ ಮಾತ್ರ. ಜೀಪಿಗೆ ಒಗ್ಗಿದ ಕೈಗೆ ಅದು ಬಿಗಿ ಅಂತಲೇ ಅನ್ನಿಸುವುದಿಲ್ಲ.

ಎಷ್ಟು ದಿನ ಮುಂಚೆ ಹೇಳಬೇಕು?

ಒಂದು ತಿಂಗಳು. "ನಾಳೆ ಬರ್ತೀರಾ?" ಅಂತ ಕೇಳಿದರೆ ಅವರೂ ಬರುವುದಿಲ್ಲ, ನೀವೂ ಕಾಯುವುದಿಲ್ಲ. ಒಂದು ವಾರ ಇರುವಾಗ ಫೋಟೋ ಕಳಿಸಿ. ಫೋಟೋ ನೋಡಿ ಅವರೇ "ಇನ್ನೂ ಆಗಿಲ್ಲ, ಹದಿನೈದು ದಿನ ಬಿಟ್ಟು ಬರ್ತೇನೆ" ಅನ್ನಬಹುದು. ಪ್ರಯಾಣ ಉಳಿಯಿತು. ಜಾತ್ರೆ, ಕೋಲ, ಮದುವೆ ಇರುವ ದಿನ ಬೇಡ. ಸರಿಯಾಗಿ ನೋಡಲು ಮೂರು ನಾಲ್ಕು ಗಂಟೆ ಬೇಕು, ಅದೂ ಬೆಳಿಗ್ಗೆಯ ಬೆಳಕಿನಲ್ಲಿ.

ಅವರು ಬರುವ ದಿನ ಏನೆಲ್ಲ ಸಿದ್ಧ ಮಾಡಿಡಬೇಕು?

ಮುಖ್ಯವಾಗಿ, ಚಂದ ಮಾಡಬೇಡಿ. ಪೇಂಟ್ ಬೇಡ, ಪುಟ್ಟಿ ಬೇಡ. ಸ್ವಚ್ಛ ಇದ್ದರೆ ಸಾಕು.

ನಕ್ಷೆಯ ಹಾಳೆಗಳು ಮೇಜಿನ ಮೇಲಿರಲಿ. ಕೆಲಸದ ದಿನಚರಿ ಪುಸ್ತಕ ಇರಲಿ, ಯಾವ ದಿನ ಏನು ಅಂಟಿಸಿದ್ದು, ಅಂಟಿನ ಡಬ್ಬಿಯ ಬ್ಯಾಚ್ ಸಂಖ್ಯೆ, ಆ ದಿನದ ಉಷ್ಣತೆ, ತೇವ. ಪ್ರತಿ ಸಲ ಅಂಟು ಕಲಸಿದಾಗ ಅದೇ ಮರದ ಎರಡು ಚೂರು ಜೋಡಿಸಿ ತಾರೀಕು ಬರೆದಿಟ್ಟಿರಬೇಕು. ಇನ್‌ಸ್ಪೆಕ್ಟರ್ ಎದುರಿಗೇ ಅದನ್ನು ಸುತ್ತಿಗೆಯಲ್ಲಿ ಒಡೆಯಿರಿ. ಮರ ಸೀಳಿದರೆ ಸರಿ. ಅಂಟಿನ ಗೆರೆಯಲ್ಲೇ ನಯವಾಗಿ ಬಿಟ್ಟರೆ ಆ ದಿನ ಅಂಟಿಸಿದ್ದೆಲ್ಲ ಅನುಮಾನ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ, ಆದರೂ ಎಷ್ಟೋ ಮಂದಿ ಮಾಡುವುದಿಲ್ಲ.

ಲೋಹದ ಕೆಲಸವಾದರೆ ರಿವೆಟ್ ಅಳೆಯುವ ಗೇಜು ಹೊರಗಿಡಿ. ಬಡಿದ ತಲೆಯ ಅಗಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ. ಇಂಚಿನ ಎಂಟನೇ ಒಂದು ಭಾಗ ದಪ್ಪದ ರಿವೆಟ್ಟಿಗೆ ಅಗಲ ಇಂಚಿನ 3/16, ಎತ್ತರ 1/16. ಬೋಲ್ಟಿನ ತುದಿಯಲ್ಲಿ ಒಂದು ಥ್ರೆಡ್ಡಾದರೂ ನಟ್ಟಿನ ಹೊರಗೆ ಕಾಣಬೇಕು. ತಿರುಗುವ ಕೀಲುಗಳಲ್ಲಿ ನೈಲಾನ್ ನಟ್ ಇದ್ದರೆ ಇನ್‌ಸ್ಪೆಕ್ಟರ್ ಬರುವ ಮುಂಚೆಯೇ ತೆಗೆದು, ತೂತಿನ ಬೋಲ್ಟು, ಕೋಟೆ ನಟ್ (ತಲೆಯಲ್ಲಿ ಸೀಳು ಇರುವ ನಟ್), ಅದು ಬಿಚ್ಚದ ಹಾಗೆ ಕಾಟರ್ ಪಿನ್ ಹಾಕಿ. ಅದನ್ನು ಹೇಳಿಸಿಕೊಳ್ಳಲು ಅವರು ಅಷ್ಟು ದೂರದಿಂದ ಬರುವುದು ಬೇಡ.

ಟಾರ್ಚು, ಉದ್ದ ಹಿಡಿಯ ಸಣ್ಣ ಕನ್ನಡಿ, ಕೂರಲು ಒಂದು ಮಣೆ. ಮಣೆ ಮರೆಯಬೇಡಿ, ಬರುವವರ ಮಂಡಿ ನಿಮ್ಮ ಮಂಡಿಯಷ್ಟು ಹೊಸದಲ್ಲ.

ಅವರು ಬರುವುದು ತಡವಾದರೆ ನಾನು ಮುಚ್ಚಿ ಮುಂದುವರಿಸಬಹುದಾ?

ಇದನ್ನು ಕೇಳಿದವರಿಗೆಲ್ಲ ನನ್ನ ಎಡ ರೆಕ್ಕೆಯ ಕಥೆ ಹೇಳುತ್ತೇನೆ.

ಇನ್‌ಸ್ಪೆಕ್ಟರ್ ಮಾವ (ಸಂಬಂಧದಲ್ಲಿ ಏನೂ ಅಲ್ಲ, ಹಿರಿಯರು, ಹಾಗೇ ಕರೆಯುತ್ತೇವೆ) ಫೆಬ್ರವರಿಯಲ್ಲಿ ಬರುವುದಿತ್ತು. ಅವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಮಾರ್ಚ್ ಕೊನೆಗೆ ಹೋಯಿತು. ನನಗೆ ಮಳೆಯ ಹೆದರಿಕೆ. ಅಂಟು ತರಿಸಿ ಆಗಿತ್ತು, ಪ್ಲೈವುಡ್ ಕತ್ತರಿಸಿ ಆಗಿತ್ತು. ಬಲ ರೆಕ್ಕೆ ಬಿಟ್ಟು ಎಡ ರೆಕ್ಕೆಯ ಮುಂದಿನ ಅಂಚಿಗೆ ಪ್ಲೈವುಡ್ ಅಂಟಿಸಿಯೇಬಿಟ್ಟೆ. "ಅವರು ಬಂದರೂ ಏನು ನೋಡುತ್ತಿದ್ದರು?" ಅಂತ ನನಗೆ ನಾನೇ ಹೇಳಿಕೊಂಡೆ.

ಮಾವ ಬಂದರು. ಏನೂ ಬೈಯಲಿಲ್ಲ. ಕಿಸೆಯಿಂದ 5 ರೂಪಾಯಿ ನಾಣ್ಯ ತೆಗೆದು ರಿಬ್ಬುಗಳ (ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳ) ಗೆರೆಯ ಮೇಲೆ ಟಕ್ ಟಕ್ ಎಂದು ತಟ್ಟುತ್ತಾ ಹೋದರು. ಆರನೇ ರಿಬ್ಬಿನಲ್ಲಿ ಶಬ್ದ ಬದಲಾಯಿತು. ಹಣ್ಣಾದ ಹಲಸಿಗೆ ತಟ್ಟಿದ ಹಾಗೆ ಬೊದ್ದು. ಏಳರಲ್ಲೂ ಹಾಗೇ. "ಒಳಗೆ ವಾರ್ನಿಷ್ ಹಚ್ಚುವಾಗ ಟೇಪ್ ಹಾಕಿದ್ದೆಯಾ?" ಅಂತ ಕೇಳಿದರು. ಮೊದಲ ಐದಕ್ಕೆ ಹಾಕಿದ್ದೆ. ಆ ದಿನ ಟೇಪ್ ಮುಗಿದಿತ್ತು. ತೇವ ಒಳಗೆ ಹೋಗದಿರಲಿ ಅಂತ ಹಚ್ಚುವ ವಾರ್ನಿಷ್, ಅಂಟು ಕೂರಬೇಕಾದ ಜಾಗಕ್ಕೂ ತಾಗಿತ್ತು. ಅಂಟು ಮರವನ್ನು ಹಿಡಿದಿರಲಿಲ್ಲ, ವಾರ್ನಿಷನ್ನು ಹಿಡಿದಿತ್ತು.

ಎರಡು ರಿಬ್ಬಿಗೆ ಅಂತ ಬಿಚ್ಚಲು ಶುರುಮಾಡಿದ್ದು, ಇಡೀ ಪ್ಲೈವುಡ್ ಹೋಯಿತು. ಬಿಡಿಸುವಾಗ ನಾಲ್ಕು ರಿಬ್ಬು ಮುರಿದವು. ಅಷ್ಟರಲ್ಲಿ ಮಳೆ ಹಿಡಿಯಿತು. ರೆಕ್ಕೆ ಮತ್ತೆ ಮೊದಲಿನ ಸ್ಥಿತಿಗೆ ಬಂದದ್ದು ಮುಂದಿನ ಜನವರಿಯಲ್ಲಿ. ಐದು ವಾರ ಉಳಿಸಲು ಹೋಗಿ ಹತ್ತು ತಿಂಗಳು ಕಳೆದೆ. ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಮಾವ ಒಂದು ವಾರ ಬಿಟ್ಟು, ಬಟ್ಟೆ ಹಾಕಿದ ಮೇಲೆ ಬಂದಿದ್ದರೆ ಆ ನಾಣ್ಯದ ಶಬ್ದವೂ ಸರಿಯಾಗಿ ಕೇಳುತ್ತಿರಲಿಲ್ಲ.

ಹಾಗಾಗಿ ಉತ್ತರ: ಬೇಡ. ಬೇರೆ ಭಾಗದ ಕೆಲಸ ಮಾಡಿ. ಯಾವಾಗಲೂ ಎರಡು ಕೆಲಸ ಕೈಯಲ್ಲಿರಲಿ, ಒಂದು ಕಾಯುತ್ತಿರುವಾಗ ಇನ್ನೊಂದು.

ವಿಡಿಯೊ ಕಾಲಿನಲ್ಲಿ ತೋರಿಸಿದರೆ ಆಗದಾ?

ನಡುನಡುವೆ ಸಂಶಯ ಕೇಳಲು ಆಗುತ್ತದೆ. ನಾಣ್ಯದ ಶಬ್ದ ಫೋನಿನಲ್ಲಿ ಕೇಳುವುದಿಲ್ಲ. ಇನ್ನೊಂದು ವಿಷಯ ಇದೆ, ಕ್ಯಾಮೆರಾ ಹಿಡಿಯುವವರು ನೀವೇ. ತೋರಿಸಲು ನಾಚಿಕೆಯಾಗುವ ಜಾಗಕ್ಕೆ ನಿಮ್ಮ ಕೈ ಹೋಗುವುದಿಲ್ಲ.

ನಕ್ಷೆಯಲ್ಲಿ ಸಣ್ಣ ಬದಲಾವಣೆ ಮಾಡಿದ್ದೇನೆ. ಹೇಳಲೇಬೇಕಾ?

ಅದನ್ನೇ ಮೊದಲು ಹೇಳಿ. ಅಮೆರಿಕದ ಹಾಡುಗಾರ ಜಾನ್ ಡೆನ್ವರ್ 1997ರ ಅಕ್ಟೋಬರಿನಲ್ಲಿ ತೀರಿಕೊಂಡದ್ದು ಲಾಂಗ್-ಇಝೀ ಎಂಬ, ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ. ಕಟ್ಟಿದ್ದು ಬೇರೆಯವರು, ಡೆನ್ವರ್ ಕೊಂಡದ್ದು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ವಾಲ್ವ್ ನಕ್ಷೆಯ ಪ್ರಕಾರ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವರು ಅದನ್ನು ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ಇಂಧನದ ಪೈಪು ಕಾಕ್‌ಪಿಟ್ಟಿನೊಳಗೆ ಬರುವುದು ಬೇಡ ಅನ್ನುವ ಒಳ್ಳೆಯ ಯೋಚನೆಯೇ. ಹಾರುವಾಗ ಅದಕ್ಕೆ ಕೈ ಹಾಕಬೇಕಾದರೆ ಮೈ ತಿರುಗಿಸಬೇಕಿತ್ತು, ಆಗ ವಿಮಾನದ ಹಿಡಿತ ತಪ್ಪಿತು ಎಂದು ತನಿಖೆ ಹೇಳಿತು. ಕೆಟ್ಟ ಕೆಲಸದಿಂದ ಆದದ್ದಲ್ಲ ಅದು. ಬದಲಾವಣೆ ಮಾಡಿದವರಿಗೆ ಅದರ ಕಾರಣ ಮಾತ್ರ ಕಾಣುತ್ತದೆ, ಇನ್ನೊಬ್ಬರು ಸೀಟಿನಲ್ಲಿ ಕೂತು ಕೈ ಚಾಚಿದಾಗಲೇ ಉಳಿದದ್ದು ಕಾಣುವುದು.

ಎಂಜಿನ್ ಹಂತದಲ್ಲಿ ಏನು ನೋಡಿಸಬೇಕು?

ಇಂಧನ ಸಾಕಷ್ಟು ಬರುತ್ತದಾ ಅನ್ನುವುದನ್ನು ಎದುರಿಗೇ ಅಳೆಯಿರಿ. ಪಂಪು ಇದ್ದರೆ ಎಂಜಿನ್ ಪೂರ್ತಿ ಜೋರಿನಲ್ಲಿ ಕುಡಿಯುವುದರ 125 ಶೇಕಡಾ, ಟ್ಯಾಂಕಿನಿಂದ ತಾನಾಗಿ ಇಳಿಯುವುದಾದರೆ 150 ಶೇಕಡಾ ಬರಬೇಕು. ರೋಟಾಕ್ಸ್‌ನ 100 ಅಶ್ವಶಕ್ತಿಯ 912 ಎಂಜಿನ್ ಟೇಕಾಫಿನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಅಂದರೆ ಪಂಪಿನಿಂದ ಸುಮಾರು 34 ಲೀಟರ್ ಬರಬೇಕು. ಮೂಗು ಮೇಲೆತ್ತಿ ಅಳೆಯಬೇಕು, ವಿಮಾನ ಏರುವಾಗ ಇರುವ ಹಾಗೆ. ನೆಲದಲ್ಲಿ ಸಮವಾಗಿಟ್ಟು ಅಳೆದದ್ದಕ್ಕೆ ಅರ್ಥ ಇಲ್ಲ.

ಕೊನೆಯ ತಪಾಸಣೆಯಲ್ಲಿ ಕಂಟ್ರೋಲ್ ಎತ್ತ ಓಡುತ್ತದೆ ಅಂತ ಬೇರೆಯವರೇ ಹೇಳಲಿ. ಸ್ಟಿಕ್ (ಪೈಲಟ್ ಹಿಡಿಯುವ ಕೋಲು) ಬಲಕ್ಕೆ ತಳ್ಳಿದರೆ ಬಲದ ಐಲೆರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಏರಿಳಿಯುವ ಪಟ್ಟಿ) ಮೇಲೇಳಬೇಕು. ನಗಬೇಡಿ. ಕೇಬಲ್ ಅಡ್ಡ ಹೋಗಿ ಉಲ್ಟಾ ಜೋಡಿಸಿದ ವಿಮಾನಗಳು ಹಾರಲು ಹೋಗಿ ಬಿದ್ದದ್ದು ಒಂದೆರಡು ಸಲವಲ್ಲ. ಕಟ್ಟಿದವರ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ.

ಅವರು ಹೇಳಿದ್ದನ್ನೆಲ್ಲ ಕೇಳಲೇಬೇಕಾ? ಇಬ್ಬರು ಬೇರೆ ಬೇರೆ ಹೇಳಿದರೆ?

"ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ" ಅನ್ನುವುದು ಬೇರೆ, "ಇದು ತಪ್ಪು" ಅನ್ನುವುದು ಬೇರೆ. ಯಾವುದು ಅಂತ ಬಾಯಿಬಿಟ್ಟು ಕೇಳಿ. ಜಗಳ ಬಂದರೆ ನಕ್ಷೆ ಮಾಡಿದವರಿಗೆ ಇಮೇಲ್ ಹಾಕಿ, ಅವರ ಮಾತೇ ಕೊನೆ. ಹೇಳಿದ್ದನ್ನು ದಿನಚರಿಯಲ್ಲಿ ಬರೆದು, ಸರಿಮಾಡಿದ ಫೋಟೋ ಅಂಟಿಸಿಡಿ.

ದುಡ್ಡು ಎಷ್ಟು ಕೊಡಬೇಕು?

ರೈಲಿನ ಖರ್ಚು ಕೊಡಿ, ಬೇಡ ಅಂದರೂ ಕೊಡಿ. ಬಾಳೆಲೆ ಊಟ ಹಾಕಿ. ಊಟ ತಪಾಸಣೆ ಮುಗಿದ ಮೇಲೆ. ಮುಂಚೆ ಪಾಯಸ ಬಡಿಸಿದರೆ ರೆಕ್ಕೆಯ ಬದಲು ಚಾಪೆ ಹುಡುಕುತ್ತಾರೆ. ಹೊರಡುವಾಗ ನಮ್ಮ ಅಮ್ಮ ಹಲಸಿನ ಹಪ್ಪಳದ ಕಟ್ಟು ಕೊಡುತ್ತಾರೆ.

ನಿಮ್ಮದು ಯಾವಾಗ ಹಾರುತ್ತದೆ?

ಎಡ ರೆಕ್ಕೆ ಮುಚ್ಚಿ ಆಗಿದೆ, ನಾಣ್ಯ ತಟ್ಟಿಸಿಯೂ ಆಗಿದೆ. ಬಲ ರೆಕ್ಕೆ ಇನ್ನೂ ಬಾಯಿ ತೆರೆದುಕೊಂಡು ಗೋಡೆಗೆ ಒರಗಿದೆ. ಮಾವ ಜನವರಿ ಎರಡನೇ ವಾರ ಬರುತ್ತೇನೆ ಅಂದಿದ್ದಾರೆ. ಈ ಸಲ ಟೇಪ್ ನಾಲ್ಕು ಸುರುಳಿ ಜಾಸ್ತಿಯೇ ತಂದಿಟ್ಟಿದ್ದೇನೆ. ಅಡಿಕೆ ಮಾತ್ರ ಈಗಲೇ ತುಳಸಿಕಟ್ಟೆಯ ಪಡುಬದಿಗೂ ಹರಡಿಕೊಂಡಿದೆ, ಅದರ ಬಗ್ಗೆ ಮನೆಯಲ್ಲಿ ಮಾತು ನಡೆಯುತ್ತಿದೆ.